ಸರಿಯಾದ ದಾರಿ ತೋರಿಸಿದ ಜಿಪಿಎಸ್ ಮೇಲೆ ನನ್ನ ತಕರಾರು

ಜಿಪಿಎಸ್ ನಂಬಿ ಕೆಟ್ಟ ಕಥೆ ಎಲ್ಲರ ಹತ್ತಿರವೂ ಒಂದೊಂದು ಇರುತ್ತದೆ. ಕೆರೆ ಏರಿ ಮೇಲೆ ತಂದು ನಿಲ್ಲಿಸಿತಂತೆ, ಯಾರದೋ ಅಡಿಕೆ ತೋಟದ ಬೇಲಿ ಮುಂದೆ ನಿಲ್ಲಿಸಿ 'ನೀವು ತಲುಪಿದ್ದೀರಿ' ಅಂದಿತಂತೆ. ಮದುವೆ ಮನೆಗಳಲ್ಲಿ ಊಟದ ಪಂಕ್ತಿಗೆ ಕಾಯುತ್ತಾ ಕೂತಾಗ ಇಂಥ ಕಥೆಗಳಿಗೆ ಒಳ್ಳೇ ಗಿರಾಕಿ. ನನ್ನದು ಅಂಥ ಕಥೆ ಅಲ್ಲ. ನನಗೆ ಅದು ಸರಿಯಾದ ದಾರಿಯನ್ನೇ ತೋರಿಸಿತು. ತಿರುವು ಸರಿ, ದೂರ ಸರಿ, ಊರಿನ ಹೆಸರೂ ಸರಿ. ಅಷ್ಟೆಲ್ಲ ಸರಿ ಇದ್ದ ದಿನವೇ ನನ್ನ ಹೆಂಡತಿಯ ಬಲಗೈ ಮಣಿಕಟ್ಟು ಮುರಿಯಿತು.

ಎರಡು ವರ್ಷದ ಹಿಂದಿನ ಮಾತು. ಕೊಪ್ಪದ ಹತ್ತಿರ ಹೆಂಡತಿಯ ಚಿಕ್ಕಪ್ಪನ ಮನೆ ಗೃಹಪ್ರವೇಶ. ಚಿಕ್ಕಮಗಳೂರಿನಲ್ಲಿ ತಿಂಡಿ ತಿಂದು, ಆಲ್ದೂರು ದಾಟಿ ಬಾಳೆಹೊನ್ನೂರಿನ ಕಡೆ ಹೊರಟಿದ್ದೆವು. ಆ ರಸ್ತೆ ಬಲ್ಲವರಿಗೆ ಗೊತ್ತು, ಎರಡೂ ಕಡೆ ಕಾಫಿ ತೋಟ, ಮೇಲೆ ಸಿಲ್ವರ್ ಓಕ್ ಮರಗಳ ನೆರಳು, ರಸ್ತೆಯ ಮೇಲೆ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬಿದ್ದಿರುತ್ತದೆ. ಅಂಥ ಬೆಳಕಿನಲ್ಲಿ ಹಂಪು ಕಾಣುವುದಿಲ್ಲ. ಬಳಿದ ಬಿಳಿ ಬಣ್ಣ ಮಳೆಗಾಲದಲ್ಲೇ ತೊಳೆದು ಹೋಗಿರುತ್ತದೆ. ನಾನು ಐವತ್ತರಲ್ಲಿದ್ದೆ. ಹ್ಯಾಂಡಲ್ ಮೇಲೆ ಕಚ್ಚಿಸಿದ್ದ ಫೋನಿನಲ್ಲಿ ನೀಲಿ ಗೆರೆ ಮುಂದೆ ಎಲ್ಲೋ ಬಲಕ್ಕೆ ಬಾಗಿದಂತೆ ಕಂಡಿತು. ಅದು ರಸ್ತೆಯ ತಿರುವೋ ಅಥವಾ ಬೇರೆ ರಸ್ತೆಗೆ ಹೊರಳಬೇಕೋ ಅಂತ ನೋಡಲು ಬಗ್ಗಿದೆ. ತಲೆ ಎತ್ತುವಷ್ಟರಲ್ಲಿ ಶಾಲೆಯ ಮುಂದಿನ ಹಂಪು ಚಕ್ರದ ಕೆಳಗೇ ಇತ್ತು. ನಾನು ಹ್ಯಾಂಡಲ್ ಹಿಡಿದಿದ್ದೆ, ಉಳಿದುಕೊಂಡೆ. ಅವಳು ಏನು ಹಿಡಿಯಬೇಕಿತ್ತು? ಸೀಟಿನಿಂದ ಎದ್ದು ಪಕ್ಕಕ್ಕೆ ಬಿದ್ದಳು, ಕೈ ಊರಿದಳು. ತೋಟದ ಕೆಲಸಕ್ಕೆ ಹೊರಟಿದ್ದ ಹೆಂಗಸೊಬ್ಬರು ಓಡಿ ಬಂದು ಎತ್ತುತ್ತಾ ನನ್ನನ್ನು ಕೇಳಿದ್ದು ಒಂದೇ ಮಾತು: "ಇಷ್ಟ್ ದೊಡ್ಡ ಹಂಪ್ ಕಾಣ್ಲಿಲ್ವ ಮಾರಾಯ್ರೇ?"

ಕಾಣಲಿಲ್ಲ. ಯಾಕೆಂದರೆ ನಾನು ಅದರ ಚಿತ್ರ ನೋಡುತ್ತಿದ್ದೆ. ಅದೇ ರಸ್ತೆಯ ಚಿತ್ರ. ಹಂಪು ಮಾತ್ರ ಅದರಲ್ಲಿ ಇರಲಿಲ್ಲ.

ಲೆಕ್ಕ ಹಾಕಿ ನೋಡಿ. ಗಂಟೆಗೆ 50 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 14 ಮೀಟರ್. ಫೋನಿನ ಮೇಲೆ ಕಣ್ಣು ಹಾಯಿಸಿ, ನಕ್ಷೆ ಅರ್ಥ ಮಾಡಿಕೊಂಡು, ಮತ್ತೆ ರಸ್ತೆಗೆ ಕಣ್ಣು ಹೊಂದಿಸಿಕೊಳ್ಳಲು ಎರಡು ಸೆಕೆಂಡು ಸಾಕು ಅಂದುಕೊಳ್ಳೋಣ. 28 ಮೀಟರ್ ಆಯಿತು. ಎರಡು ಸರ್ಕಾರಿ ಬಸ್ಸನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೂ ಇನ್ನೂ ಜಾಗ ಉಳಿಯುತ್ತದೆ. ಅಷ್ಟು ದೂರ ಕಣ್ಣು ಮುಚ್ಚಿಕೊಂಡು ಬೈಕ್ ಓಡಿಸಿ ಅಂದರೆ ಯಾರೂ ಒಪ್ಪುವುದಿಲ್ಲ. ಕಣ್ಣು ಬಿಟ್ಟುಕೊಂಡು ಬೇರೆ ಕಡೆ ನೋಡುತ್ತಾ ಓಡಿಸಿ ಅಂದರೆ ಎಲ್ಲರೂ ಒಪ್ಪಿದ್ದೇವೆ. ಒಪ್ಪಿದ್ದಷ್ಟೇ ಅಲ್ಲ, ಅದಕ್ಕೆ ಸಾವಿರಾರು ರೂಪಾಯಿ ಕೊಟ್ಟು ಅಲ್ಯೂಮಿನಿಯಂ ಹೋಲ್ಡರ್ ಹಾಕಿಸಿಕೊಂಡಿದ್ದೇವೆ.

ನನ್ನ ಸಿಟ್ಟು ಇರುವುದು ಇಲ್ಲಿ. ಬೈಕಿಗೆ ಜಿಪಿಎಸ್ ಹೇಗೆ ಆರಿಸಬೇಕು ಅಂತ ಹೇಳಿಕೊಡುವ ಪ್ರತಿಯೊಬ್ಬನೂ ಪರದೆಯಿಂದಲೇ ಶುರು ಮಾಡುತ್ತಾನೆ. ಎಷ್ಟು ಇಂಚು, ಬಿಸಿಲಲ್ಲಿ ಎಷ್ಟು ಚೆನ್ನಾಗಿ ಕಾಣುತ್ತೆ, ಹೋಲ್ಡರ್ ಹ್ಯಾಂಡಲ್ ಮಧ್ಯದಲ್ಲಿರಬೇಕೋ ಕನ್ನಡಿಯ ಕಡ್ಡಿಗೆ ಇರಬೇಕೋ. ಯೂಟ್ಯೂಬಿನಲ್ಲಿ ನೋಡಿ, ಅರ್ಧ ಗಂಟೆ ಮಾತಾಡುತ್ತಾರೆ. ನಾನು ಹೋಲ್ಡರ್ ಕೊಳ್ಳಲು ಹೋದ ಅಂಗಡಿಯ ಹುಡುಗ ಅಂತೂ "ಸಾರ್, ಇದ್ರಲ್ಲಿ ವಿಡಿಯೋನೂ ನೋಡ್ಕೊಂಡ್ ಹೋಗ್ಬೋದು" ಅಂದ. ತಮಾಷೆಗಲ್ಲ, ಅದನ್ನೊಂದು ಗುಣ ಅಂತಲೇ ಹೇಳಿದ. ಪರದೆ ಚೆನ್ನಾಗಿ ಕಂಡಷ್ಟೂ ಒಳ್ಳೆಯದು ಅನ್ನುವ ವಾದದ ಕೊನೆಯ ನಿಲ್ದಾಣ ಅದೇ ಅಲ್ಲವೇ? ನಾನು ಹೇಳುವುದು ತದ್ವಿರುದ್ಧ. ಬೈಕಿನ ಮೇಲೆ ಒಳ್ಳೆಯ ಜಿಪಿಎಸ್ ಯಾವುದೆಂದರೆ, ಓಡಿಸುವಾಗ ನೋಡುವ ಅಗತ್ಯವೇ ಬರದಿರುವುದು.

ಕಾರಿನವರ ಅಭ್ಯಾಸವನ್ನು ನಾವು ಹಾಗೇ ಎತ್ತಿ ಬೈಕಿಗೆ ಅಂಟಿಸಿಕೊಂಡಿದ್ದೇವೆ. ಕಾರಿನಲ್ಲಿ ಪರದೆ ಗಾಜಿನ ಹತ್ತಿರ, ಹೆಚ್ಚು ಕಡಿಮೆ ಕಣ್ಣಿನ ಮಟ್ಟಕ್ಕೆ ಇಡಬಹುದು. ಬೈಕಿನಲ್ಲಿ ಅದು ಎದೆಗಿಂತ ಕೆಳಗೆ. ಮುಖ ಮುಚ್ಚುವ ಹೆಲ್ಮೆಟ್ ಹಾಕಿಕೊಂಡರೆ ಕಣ್ಣು ಮಾತ್ರ ಕೆಳಗಿಳಿಸಿದರೆ ಸಾಲದು, ಗದ್ದದ ಪಟ್ಟಿ ಅಡ್ಡ ಬರುತ್ತದೆ, ಕತ್ತನ್ನೇ ಬಗ್ಗಿಸಬೇಕು. ಕಾರಿನವನು ಹಂಪು ನೋಡದೆ ಹಾರಿಸಿದರೆ ತಲೆ ಛಾವಣಿಗೆ ತಾಗುತ್ತದೆ, ಹಿಂದೆ ಕೂತವರಿಂದ ನಾಲ್ಕು ಮಾತು ಕೇಳಬೇಕಾಗುತ್ತದೆ. ನಮ್ಮ ಕಥೆ ಹಾಗಲ್ಲ. ನಮ್ಮದು ಎರಡು ಚಕ್ರ. ಚೂರು ಮರಳು, ಒಂದಿಷ್ಟು ಸಗಣಿ, ಟಿಪ್ಪರಿನಿಂದ ಉದುರಿದ ಜಲ್ಲಿ, ಇಷ್ಟು ಸಾಕು. ಇದ್ಯಾವುದೂ ಯಾವ ಕಂಪನಿಯ ನಕ್ಷೆಯಲ್ಲೂ ಇರುವುದಿಲ್ಲ.

2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಜಿಲ್ಲೆಯಲ್ಲಿ ಪೂರ್ತಿಯಾಗದ ಸೇತುವೆಯ ಮೇಲಿಂದ ಕಾರೊಂದು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ದೇಶಕ್ಕೆಲ್ಲ ಸುದ್ದಿಯಾಯಿತು, ಆಗಬೇಕಾದದ್ದೇ. ಆದರೆ ಅಂಥ ಸುದ್ದಿ ಬಂದಾಗಲೆಲ್ಲ ನಾವು ಕಲಿಯುವ ಪಾಠ ಒಂದೇ, 'ಮ್ಯಾಪು ತಪ್ಪು ತೋರಿಸುತ್ತೆ ಹುಷಾರು' ಅಂತ. ಮ್ಯಾಪು ಸರಿ ತೋರಿಸುವಾಗ ಬಗ್ಗಿ ನೋಡಿ ಬಿದ್ದವರ ಸುದ್ದಿ ಯಾವ ಪೇಪರಿನಲ್ಲಿ ಬರುತ್ತದೆ? 'ಹಂಪ್ ಗಮನಿಸದೆ ಬೈಕ್ ಸವಾರನಿಗೆ ಗಾಯ' ಅಂತ ಒಳಪುಟದಲ್ಲಿ ಎರಡು ಸಾಲು. ಯಾಕೆ ಗಮನಿಸಲಿಲ್ಲ ಅಂತ ಕೇಳುವವರಿಲ್ಲ. ಆಸ್ಪತ್ರೆಯಲ್ಲಿ ನನ್ನನ್ನೂ ಯಾರೂ ಕೇಳಲಿಲ್ಲ. 'ರೋಡ್ ಸರಿಯಿಲ್ಲ ಬಿಡಿ' ಅಂತ ಎಲ್ಲರೂ ಸಮಾಧಾನ ಮಾಡಿದರು. ನಾನೂ ಹೂಂ ಅಂದೆ. ಹೆಂಡತಿ ಮಾತ್ರ ಪ್ಲಾಸ್ಟರ್ ಹಾಕಿಸಿಕೊಂಡು ಹೊರಗೆ ಬಂದವಳು, "ರೋಡ್‌ಗೆ ಏನೂ ಆಗಿರ್ಲಿಲ್ಲ ಕಣ್ರೀ. ನೀವು ಬಗ್ಗಿದ್ದು ನಂಗೆ ಹಿಂದಿಂದ ಕಾಣ್ತಿತ್ತು" ಅಂದಳು.

ಇಷ್ಟು ಹೇಳಿದ ಕೂಡಲೇ ಇನ್ನೊಂದು ಗುಂಪು ಚಪ್ಪಾಳೆ ತಟ್ಟಲು ಸಿದ್ಧವಾಗಿರುತ್ತದೆ. 'ಅದಕ್ಕೇ ಹೇಳೋದು, ಜಿಪಿಎಸ್ಸೇ ಬೇಡ. ನಮ್ ಕಾಲದಲ್ಲಿ ಕೇಳ್ಕೊಂಡ್ ಹೋಗ್ತಿರ್ಲಿಲ್ವ?' ಹೋಗುತ್ತಿದ್ದೆವು ಸ್ವಾಮಿ. ಮಲೆನಾಡಿನಲ್ಲಿ ಕೇಳಿಕೊಂಡು ಹೋದವರಿಗೆ 'ಇಲ್ಲೇ ಹತ್ರ' ಅನ್ನುವ ಮಾತಿನ ಉದ್ದ ಎಷ್ಟೆಂದು ಗೊತ್ತು. ಮುಂದೆ ಮೂರು ಕವಲಿರುವ ಕಡೆ ನಿಂತು 'ಸೀದಾ ಹೋಗಿ' ಅನ್ನುತ್ತಾರೆ. ಹೇಳಿದವರಿಗೆ ಆ ಕವಲು ಕವಲೇ ಅಲ್ಲ, ಅವರು ಹುಟ್ಟಿದಾಗಿನಿಂದ ಸೀದಾ ಹೋದವರು. ಹಗಲು ಹೊತ್ತು, ಬಿಡುವಿದ್ದಾಗ, ಕೇಳಿಕೊಂಡು ಹೋಗುವುದು ನನಗೂ ಇಷ್ಟ. ಒಂದು ಕಾಫಿಯೋ ಮಜ್ಜಿಗೆಯೋ ಗಿಟ್ಟುತ್ತದೆ. ರಾತ್ರಿ ಒಂಬತ್ತರ ಮೇಲೆ, ಮಳೆಯಲ್ಲಿ, ತೋಟದ ನಡುವೆ ಯಾರನ್ನು ಕೇಳುತ್ತೀರಿ? ಒಬ್ಬಳೇ ಬೈಕ್ ಓಡಿಸಿಕೊಂಡು ಹೋಗುವ ಹುಡುಗಿಗೆ, ಸಿಕ್ಕಸಿಕ್ಕವರನ್ನು ನಿಲ್ಲಿಸಿ ದಾರಿ ಕೇಳು ಅಂತ ಹೇಳಿ ನೋಡೋಣ. ಜಿಪಿಎಸ್ ಬೇಕು. ಅದನ್ನು ಎಲ್ಲಿ ಇಡುತ್ತೀರಿ ಅನ್ನುವುದೇ ಜಗಳ.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಹಾಕೋಣ, ಯಾಕೆಂದರೆ ಅದರಿಂದಲೇ ಜನ ತಪ್ಪು ಸಾಮಾನು ಕೊಳ್ಳುತ್ತಾರೆ. 'ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲ, ಅದಕ್ಕೇ ಜಿಪಿಎಸ್ ಸಿಗಲ್ಲ' ಅನ್ನುತ್ತಾರೆ. ಜಿಪಿಎಸ್ಸಿಗೂ ಮೊಬೈಲ್ ಟವರಿಗೂ ಸಂಬಂಧ ಇಲ್ಲ. ಅದು ಸುಮಾರು 20,200 ಕಿಲೋಮೀಟರ್ ಮೇಲೆ ಸುತ್ತುವ ಉಪಗ್ರಹಗಳ ಮಾತನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೆ. ತಿರುಗಿ ಏನನ್ನೂ ಹೇಳುವುದಿಲ್ಲ. ಕನಿಷ್ಠ ನಾಲ್ಕು ಉಪಗ್ರಹ ಕಿವಿಗೆ ಬಿದ್ದರೆ ನೀವು ಎಲ್ಲಿದ್ದೀರಿ ಅಂತ ಲೆಕ್ಕ ಹಾಕುತ್ತದೆ. ನಮ್ಮದೇ ನಾವಿಕ್ ಕೂಡ ಹೀಗೇ ಕೆಲಸ ಮಾಡುವುದು. ಅದರ ನ್ಯಾವಿಗೇಷನ್ ಕೇಂದ್ರ ಬೆಂಗಳೂರಿನ ಪಕ್ಕದ ಬ್ಯಾಲಾಳಿನಲ್ಲೇ ಇದೆ. ನೆಟ್‌ವರ್ಕ್ ಹೋದಾಗ ಫೋನಿನಲ್ಲಿ ಮಾಯವಾಗುವುದು ನಕ್ಷೆ. ನೀಲಿ ಚುಕ್ಕೆ ಇರುತ್ತದೆ, ಅದರ ಕೆಳಗಿನ ಊರು ಇರುವುದಿಲ್ಲ. ಆದ್ದರಿಂದ ಹೊರಡುವ ಮೊದಲೇ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡರೆ ಮುಗಿಯಿತು. ಗೂಗಲ್ ಮ್ಯಾಪ್ಸಿನಲ್ಲೂ ಇಳಿಸಿಕೊಳ್ಳಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಸ್ವಯಂಸೇವಕರು ಕಟ್ಟಿದ ನಕ್ಷೆ ಇದೆ, ಅದನ್ನು ಬಳಸುವ ಓಸ್ಮ್‌ಆ್ಯಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಇವೆ. ಇವುಗಳಿಗೆ ದಾರಿ ತೋರಿಸಲು ಇಂಟರ್‌ನೆಟ್ಟೇ ಬೇಡ.

ಇನ್ನು ಸಾಮಾನಿನ ವಿಷಯ. ಬೈಕಿಗೆ ಅಂತಲೇ ಮಾಡಿದ ಜಿಪಿಎಸ್ ಬೇರೆ ಇರುತ್ತದೆ. ಗಾರ್ಮಿನ್‌ನವರ ಜೂಮೋ, ಟಾಮ್‌ಟಾಮ್‌ನವರ ರೈಡರ್ ಈ ಜಾತಿಯವು. ಗ್ಲೌಸ್ ಹಾಕಿಕೊಂಡೇ ಒತ್ತಬಹುದು, ಮಳೆ ತಡೆಯುತ್ತವೆ, ಅಲುಗಾಟ ತಡೆಯುತ್ತವೆ, ಬಿಸಿಲಲ್ಲಿ ಕಾಣುತ್ತವೆ. 2020ರಲ್ಲಿ ಬಂದ ಜೂಮೋ ಎಕ್ಸ್‌ಟಿಗೆ ಅಮೆರಿಕದಲ್ಲಿ 500 ಡಾಲರ್ ಬೆಲೆ ಇಟ್ಟಿದ್ದರು. ನಮ್ಮ ರೂಪಾಯಿ ಲೆಕ್ಕದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸ್ಪ್ಲೆಂಡರ್ ಬಂದೀತು. ಲಡಾಖಿಗೆ ಹದಿನೈದು ದಿನ ಹೋಗುವವರಿಗೆ ಅದು ಬೇಕಾಗಬಹುದು. ವರ್ಷಕ್ಕೆ ಮೂರು ಸಲ ಮಲೆನಾಡಿಗೆ, ಎರಡು ಸಲ ಮದುವೆಗೆ ಹೋಗುವ ನನ್ನಂಥವನಿಗೆ ಯಾಕೆ? ಅಷ್ಟು ದುಡ್ಡು ಕೊಟ್ಟರೂ ಕೊನೆಗೆ ಸಿಗುವುದು ಬಗ್ಗಿ ನೋಡಬೇಕಾದ ಇನ್ನೊಂದು ಪರದೆಯೇ.

ಸಾಮಾನ್ಯ ಫೋನನ್ನು ಹ್ಯಾಂಡಲ್ ಮೇಲೆ ಇಟ್ಟರೆ ಆಗುವ ಪಾಡು ಇನ್ನೊಂದು ಥರ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ದುಡ್ಡಿನ ಭಾಷೆ ಎಲ್ಲರಿಗೂ ಬೇಗ ಅರ್ಥವಾಗುತ್ತದೆ. ದೊಡ್ಡ ಎಂಜಿನ್ನಿನ ಬೈಕುಗಳ ಅಲುಗಾಟ ಹ್ಯಾಂಡಲ್ ಮೂಲಕ ಫೋನಿಗೆ ಹೋದರೆ ಕ್ಯಾಮೆರಾ ಕೆಡಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಕೆ ಹಾಕಿತು. ಕೈ ನಡುಗಿದರೂ ಚಿತ್ರ ನಡುಗದಿರಲಿ ಅಂತ ಕ್ಯಾಮೆರಾದ ಒಳಗೆ ಲೆನ್ಸನ್ನು ಅಲ್ಲಾಡಿಸುವ ಒಂದು ಸೂಕ್ಷ್ಮ ಏರ್ಪಾಡು ಇರುತ್ತದೆ, ಅದಕ್ಕೆ ಪೆಟ್ಟು ಬೀಳುತ್ತದೆ. ನನ್ನದು ಬುಲೆಟ್, ಅದರ ಹ್ಯಾಂಡಲ್ ಮೇಲೆ ಲಿಂಬೆ ಹಣ್ಣು ಇಟ್ಟರೆ ತಾನಾಗಿ ಪಾನಕ ಆಗುತ್ತದೆ. ಬಿಸಿಲಿನದು ಇನ್ನೊಂದು ಗೋಳು. ಐಫೋನನ್ನು 35 ಡಿಗ್ರಿಯ ಒಳಗಿನ ವಾತಾವರಣದಲ್ಲಿ ಬಳಸಿ ಅಂತ ಅದರ ಕಂಪನಿ ಬರೆದಿದೆ. ಏಪ್ರಿಲ್ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆಯವರು ಇದನ್ನು ಓದಿ ನಗಬೇಕಷ್ಟೆ. ಮೇಲಿನಿಂದ ಬಿಸಿಲು, ಒಳಗೆ ಚಾರ್ಜ್ ಆಗುವ ಬಿಸಿ, ಜೊತೆಗೆ ಪರದೆ ಪೂರ್ತಿ ಬೆಳಕಿನಲ್ಲಿ. ಫೋನು ಮೊದಲು ಮಂಕಾಗುತ್ತದೆ, ಆಮೇಲೆ ಸುಮ್ಮನಾಗುತ್ತದೆ.

ಮಳೆಗಾಲದಲ್ಲಿ ಬೆರಳಿಗೂ ಹನಿಗೂ ವ್ಯತ್ಯಾಸ ತಿಳಿಯದ ಪರದೆ ತನ್ನಷ್ಟಕ್ಕೆ ತಾನೇ ಯಾವುದೋ ಗುಂಡಿ ಒತ್ತಿಕೊಳ್ಳುತ್ತದೆ. ನನ್ನ ಫೋನು ಒಮ್ಮೆ ಸಕಲೇಶಪುರದ ಮಳೆಯಲ್ಲಿ ನಮ್ಮ ಮ್ಯಾನೇಜರಿಗೆ ವಿಡಿಯೋ ಕಾಲ್ ಮಾಡಿತ್ತು. ನೀರು ತಡೆಯುತ್ತೆ ಅಂತ ಐಪಿಎಕ್ಸ್7 ನಂಬರು ತೋರಿಸುತ್ತಾರಲ್ಲ, ಅದು ನಿಂತ ನೀರಿನಲ್ಲಿ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟ ಪರೀಕ್ಷೆ. ರಭಸವಾಗಿ ಬಡಿಯುವ ನೀರಿನ ಪರೀಕ್ಷೆಯೇ ಬೇರೆ, ಅದರ ನಂಬರು 5 ಮತ್ತು 6. ಎಪ್ಪತ್ತರಲ್ಲಿ ಹೋಗುವ ಬೈಕಿಗೆ ಮಳೆ ಬಡಿಯುತ್ತದೆ, ಬಾವಿಗಿಳಿಸಿದ ಹಾಗೆ ಮೆತ್ತಗೆ ಮುಳುಗಿಸುವುದಿಲ್ಲ. ಇದನ್ನು ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ.

ಹಾಗಾದರೆ ನಾನು ಮಾಡಿಕೊಂಡದ್ದು ಏನು? ಫೋನು ಜಾಕೆಟ್ಟಿನ ಒಳಜೇಬಿಗೆ ಹೋಯಿತು. ಹೆಲ್ಮೆಟ್ಟಿನೊಳಗೆ ಕಿವಿಯ ಜಾಗಕ್ಕೆ ಅಂಟಿಸುವ ತೆಳು ಸ್ಪೀಕರಿನ ಬ್ಲೂಟೂತ್ ಬಂದಿದೆ. ಹೊರಗಡೆ ಒಂದು ದೊಡ್ಡ ಗುಂಡಿ ಇರುತ್ತದೆ, ಗ್ಲೌಸಿನಲ್ಲೂ ಒತ್ತಬಹುದು. ಅದನ್ನು ಹಾಕಿಸಿದೆ. 'ಮುನ್ನೂರು ಮೀಟರ್ ನಂತರ ಬಲಕ್ಕೆ ತಿರುಗಿ' ಅನ್ನುವುದು ಕಿವಿಗೆ ಬಿದ್ದರೆ ಸಾಕು, ಬಲ ಎಲ್ಲಿದೆ ಅಂತ ಹುಡುಕುವುದು ಕಣ್ಣಿನ ಕೆಲಸ, ಅದು ರಸ್ತೆಯ ಮೇಲೇ ಇರುತ್ತದೆ. ಧ್ವನಿಯನ್ನು ಕನ್ನಡಕ್ಕೆ ಇಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಇಟ್ಟರೆ ಬಾಳೆಹೊನ್ನೂರು ಅನ್ನುವುದು ಯಾವುದೋ ದೇಶದ ಫುಟ್‌ಬಾಲ್ ಆಟಗಾರನ ಹೆಸರಿನ ಹಾಗೆ ಕೇಳಿಸುತ್ತದೆ, ಅದೇನೆಂದು ಯೋಚಿಸುವಷ್ಟರಲ್ಲಿ ತಿರುವು ದಾಟಿರುತ್ತದೆ. ಎರಡೂ ಕಿವಿಗೆ ಬಿರಡೆ ಹಾಕಿದಂತೆ ಇಯರ್‌ಫೋನ್ ತುರುಕಿಕೊಳ್ಳುವುದು ಮಾತ್ರ ಬೇಡ. ಹಿಂದಿನ ಲಾರಿಯ ಹಾರನ್ನು ಕೇಳಿಸಬೇಕು. ಸ್ಪೀಕರಿನಲ್ಲಿ ಹಾಡು ಹಾಕಿಕೊಳ್ಳುವ ಚಪಲವೂ ಬೇಡ, ನಾನು ಎರಡು ದಿನ ಹಾಕಿಕೊಂಡು ನೋಡಿ ಬಿಟ್ಟೆ.

ಪರದೆ ಬೇಕೇ ಬೇಕು ಅನ್ನುವವರಿಗೆ ನನ್ನ ಒಂದು ರಿಯಾಯಿತಿ ಇದೆ. ರಾಯಲ್ ಎನ್‌ಫೀಲ್ಡಿನವರು 2020ರಲ್ಲಿ ಮೀಟಿಯೋರ್ ಬೈಕಿನ ಜೊತೆ ಟ್ರಿಪ್ಪರ್ ಅಂತ ಸ್ಪೀಡೋಮೀಟರ್ ಪಕ್ಕ ಒಂದು ಪುಟ್ಟ ಗುಂಡಗಿನ ಡಬ್ಬಿ ಕೊಟ್ಟರು. ಅದರಲ್ಲಿ ನಕ್ಷೆಯೇ ಇಲ್ಲ, ಒಂದು ಬಾಣ, ತಿರುವಿಗೆ ಎಷ್ಟು ದೂರ ಅನ್ನುವ ಅಂಕಿ. ಇಷ್ಟೇನಾ ಅಂತ ಮೂಗು ಮುರಿದವರು ಬಹಳ. ನನ್ನ ಪ್ರಕಾರ ಅಷ್ಟೇ ಸಾಕು. ಬಾಣವನ್ನು ಓದಬೇಕಾಗಿಲ್ಲ, ಸ್ಪೀಡೋಮೀಟರ್ ಮುಳ್ಳಿನ ಹಾಗೆ ಕಣ್ಣಂಚಿಗೆ ಬಿದ್ದರೆ ತಿಳಿಯುತ್ತದೆ. ಮೂರು ವರ್ಷದ ನಂತರ ಬಂದ ಹೊಸ ಹಿಮಾಲಯನ್ ಬೈಕಿನಲ್ಲಿ ಮೀಟರಿನ ಡಬ್ಬಿಯೊಳಗೇ ಪೂರ್ತಿ ಗೂಗಲ್ ನಕ್ಷೆ ಬಂದು ಕೂತಿತು. ಎಲ್ಲರೂ ಅದನ್ನು ಮುನ್ನಡೆ ಅಂದರು. ನನಗೆ ಹಾಗನ್ನಿಸಲಿಲ್ಲ.

ಕಿವಿಗೂ ಮಿತಿ ಇದೆ, ಒಪ್ಪುತ್ತೇನೆ. ಗೊರಗುಂಟೆಪಾಳ್ಯದಲ್ಲಿ ಫ್ಲೈಓವರ್ ಹತ್ತಬೇಕೋ ಕೆಳಗೇ ಹೋಗಬೇಕೋ ಅನ್ನುವುದು ಜಿಪಿಎಸ್ಸಿಗೇ ಸರಿಯಾಗಿ ಗೊತ್ತಾಗುವುದಿಲ್ಲ. ತೆರೆದ ಬಯಲಿನಲ್ಲೇ ಐದು ಮೀಟರ್ ಆಚೀಚೆ ಆಗುವ ಯಂತ್ರ ಅದು, ಮೇಲಿನ ರಸ್ತೆ ಕೆಳಗಿನ ರಸ್ತೆ ಅದಕ್ಕೆ ಒಂದೇ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವಿಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಆ್ಯಪನ್ನು ಕಾರಿನ ಲೆಕ್ಕದಲ್ಲಿ ಬಿಟ್ಟು ಹೊರಟರೆ ಅದು ನಿಮ್ಮನ್ನು ಕಾರು ಅಂತಲೇ ತಿಳಿಯುತ್ತದೆ. ಗೂಗಲ್‌ನವರು 2017ರಲ್ಲೇ ಭಾರತಕ್ಕಾಗಿ ದ್ವಿಚಕ್ರದ ಆಯ್ಕೆ ಕೊಟ್ಟಿದ್ದಾರೆ, ಅದನ್ನು ಒತ್ತಿಕೊಳ್ಳಿ. ಆದರೆ ಅದಕ್ಕೂ ಒಂದು ಚಟ ಇದೆ. ಬೈಕು ತಾನೇ, ನುಸುಳುತ್ತದೆ ಅಂತ ಸಂದಿಗೊಂದಿಗೆ ನುಗ್ಗಿಸುತ್ತದೆ. ಊರಲ್ಲಾದರೆ ಸರಿ, ಮಲೆನಾಡಿನಲ್ಲಿ ಎರಡು ಕಿಲೋಮೀಟರ್ ಉಳಿಸಲು ಹೋಗಿ ಕೆಸರಿನ ಇಳಿಜಾರಿಗೆ ತಂದು ಬಿಡುತ್ತದೆ.

ಇಂಥ ಕಡೆ ನನ್ನ ಉಪಾಯ ಮೈಲಿಗಲ್ಲು. ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಪ್ಪು ಇದ್ದರೆ ಜಿಲ್ಲಾ ರಸ್ತೆ, ಕೇಸರಿ ಇದ್ದರೆ ಹಳ್ಳಿ ರಸ್ತೆ. ಹಸಿರಿನಲ್ಲಿ ಹೋಗುತ್ತಿದ್ದವನಿಗೆ ಇದ್ದಕ್ಕಿದ್ದ ಹಾಗೆ ಕೇಸರಿ ಕಲ್ಲು ಕಂಡಿತೆಂದರೆ ಯಂತ್ರ ತನ್ನ ಚಟ ತೋರಿಸಿದೆ ಅಂತ ಅರ್ಥ. ಬೈಕ್ ನಿಲ್ಲಿಸಿ, ಫೋನು ತೆಗೆದು ನೋಡುತ್ತೇನೆ. ನಿಲ್ಲಿಸಿ ಅನ್ನುವುದು ಮುಖ್ಯ. ಹೊರಡುವ ಹಿಂದಿನ ರಾತ್ರಿ ದಾರಿಯನ್ನು ಒಮ್ಮೆ ದೊಡ್ಡದು ಮಾಡಿ ನೋಡಿಕೊಂಡು, ತಿರುಗಬೇಕಾದ ನಾಲ್ಕೈದು ಊರಿನ ಹೆಸರನ್ನು ಚೀಟಿಯಲ್ಲಿ ಬರೆದು ಪೆಟ್ರೋಲ್ ಟ್ಯಾಂಕಿಗೆ ಅಂಟಿಸಿಕೊಳ್ಳುವುದೂ ಉಂಟು. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರ ತನಕ ಬಿಡುವುದಿಲ್ಲ ಅನ್ನುವಂಥ ಸಂಗತಿಯನ್ನೂ ಆಗಲೇ ನೋಡಿಕೊಳ್ಳಬೇಕು. ಯಂತ್ರ ಹೇಳಲಿ ಬಿಡಲಿ, ಗೇಟಂತೂ ಮುಚ್ಚಿರುತ್ತದೆ.

ಕಾನೂನು ಏನನ್ನುತ್ತದೆ ಅಂತ ಕೇಳುವವರಿದ್ದಾರೆ. 2020ರ ಅಕ್ಟೋಬರಿನಿಂದ ಜಾರಿಗೆ ಬಂದ ಕೇಂದ್ರದ ನಿಯಮದ ತಿರುಳು ಇಷ್ಟು: ಓಡಿಸುವಾಗ ಫೋನನ್ನು ದಾರಿ ನೋಡುವುದಕ್ಕೆ ಮಾತ್ರ ಬಳಸಬಹುದು, ಅದೂ ಓಡಿಸುವವರ ಗಮನ ಕೆಡದ ಹಾಗೆ. ಹೋಲ್ಡರ್ ಮಾರುವವರು ಇದರ ಮೊದಲರ್ಧವನ್ನು ಓದಿ ನಿಲ್ಲಿಸುತ್ತಾರೆ. ಗಮನ ಕೆಡದ ಹಾಗೆ ಬೈಕಿನ ಮೇಲೆ ನಕ್ಷೆ ನೋಡುವುದು ಹೇಗೆ ಅಂತ ನನಗೆ ಯಾರಾದರೂ ತೋರಿಸಿಕೊಟ್ಟರೆ ಈ ಲೇಖನವನ್ನೇ ವಾಪಸ್ ತೆಗೆದುಕೊಳ್ಳುತ್ತೇನೆ.

ಇಷ್ಟೆಲ್ಲ ಬರೆಯುವಾಗ ಒಂದು ವಿಷಯ ಚುಚ್ಚುತ್ತಲೇ ಇದೆ. ಆರಿಸುವುದು, ಕೊಳ್ಳುವುದು, ಕಿವಿಗೆ ಹಾಕುವುದು, ಇದೆಲ್ಲ ತಿಂಗಳ ಸಂಬಳದವನ ಮಾತು. ನಮ್ಮ ಮನೆಗೆ ರಾತ್ರಿ ಇಡ್ಲಿ ತರುವ ಹುಡುಗನಿಗೆ ಯಾವ ಆಯ್ಕೆ ಇದೆ? ಅವನ ಹ್ಯಾಂಡಲ್ ಮೇಲೆ ಫೋನಿದೆ, ಮಳೆಗೆ ಪ್ಲಾಸ್ಟಿಕ್ ಕವರು ಸುತ್ತಿದ್ದಾನೆ. ದಾರಿ ಬರುವುದೂ ಅದರಲ್ಲೇ, ಮುಂದಿನ ಆರ್ಡರ್ ಬರುವುದೂ ಅದರಲ್ಲೇ, ಒಪ್ಪಿಕೊಳ್ಳುತ್ತೀಯೋ ಇಲ್ಲವೋ ಅಂತ ಸೆಕೆಂಡುಗಳ ಲೆಕ್ಕ ಓಡುವುದೂ ಅದರಲ್ಲೇ. ಬೈಕ್ ಓಡುತ್ತಿರುವಾಗಲೇ ಬಗ್ಗಿ ಒತ್ತಬೇಕು, ಇಲ್ಲದಿದ್ದರೆ ಆ ಆರ್ಡರ್ ಇನ್ನೊಬ್ಬನಿಗೆ. ಬೈಕ್ ಚಲಿಸುತ್ತಿದೆ ಅಂತ ಆ ಫೋನಿಗೆ ಗೊತ್ತಿಲ್ಲವೇ? ಜಿಪಿಎಸ್ ಇರುವುದೇ ಅದಕ್ಕೆ! ಎಷ್ಟು ವೇಗದಲ್ಲಿದ್ದಾನೆ ಅಂತ ಲೆಕ್ಕ ಇಡುವ ಯಂತ್ರಕ್ಕೆ, ಅವನು ನಿಂತ ಮೇಲೆ ಕೇಳೋಣ ಅನ್ನುವಷ್ಟು ಸೌಜನ್ಯವನ್ನು ಬರೆದು ಕೊಡುವುದು ಕಷ್ಟದ ಕೆಲಸವಲ್ಲ. ಬರೆಯಬೇಕು ಅನ್ನಿಸಿಲ್ಲ, ಅಷ್ಟೆ.

ನಮ್ಮ ಕಡೆಯದೂ ಕಡಿಮೆ ಇಲ್ಲ. ಸೋಫಾ ಮೇಲೆ ಕೂತು ಅವನ ಪುಟ್ಟ ಬೈಕಿನ ಚಿತ್ರ ನಕ್ಷೆಯ ಮೇಲೆ ಹರಿಯುವುದನ್ನು ನೋಡುತ್ತಿರುತ್ತೇವೆ. ಅದು ಒಂದು ನಿಮಿಷ ನಿಂತರೆ ಫೋನ್ ಹಚ್ಚುತ್ತೇವೆ. "ಎಲ್ಲಿದ್ದೀಯಪ್ಪಾ? ಲೆಫ್ಟ್ ತಗೊಂಡ್ಯಾ?" ಅವನು ಎಲ್ಲಿದ್ದಾನೆ ಅಂತ ಕಾಣುತ್ತಲೇ ಇದೆ. ಅವನು ಹೆಲ್ಮೆಟ್ ಮತ್ತು ಕೆನ್ನೆಯ ನಡುವೆ ಫೋನ್ ಸಿಕ್ಕಿಸಿಕೊಂಡು, ಕತ್ತು ವಾಲಿಸಿಕೊಂಡು ನಮಗೆ ಉತ್ತರ ಕೊಡುತ್ತಾನೆ. ನಾನೂ ಎಷ್ಟೋ ಸಲ ಹೀಗೆ ಮಾಡಿದ್ದೇನೆ. ಹೆಂಡತಿಯ ಕೈ ಮುರಿದ ಮೇಲೆ ಒಂದು ರಾತ್ರಿ, ಅಡುಗೆ ಮಾಡುವವರಿಲ್ಲದೆ ಊಟ ತರಿಸಿಕೊಂಡು, ತಡವಾಯಿತು ಅಂತ ಫೋನ್ ಎತ್ತಿಕೊಂಡಿದ್ದೆ. ಅವಳು ಪ್ಲಾಸ್ಟರ್ ಹಾಕಿದ ಕೈಯನ್ನು ನನ್ನ ಕಡೆ ಸುಮ್ಮನೆ ಎತ್ತಿ ತೋರಿಸಿದಳು. ಫೋನು ಕೆಳಗಿಟ್ಟೆ. ಆಮೇಲೆ ನಾನು ಮಾಡಿದ ಕೆಲಸ ಇಷ್ಟು: ನಕ್ಷೆಯಲ್ಲಿ ನಮ್ಮ ಮನೆಯ ಗುರುತು ಹಿಂದಿನ ಬೀದಿಯಲ್ಲಿ ಬಿದ್ದಿತ್ತು, ಅದನ್ನು ಗೇಟಿನ ಮೇಲಕ್ಕೆ ಎಳೆದು ಸರಿಮಾಡಿದೆ. ವಿಳಾಸದ ಕೆಳಗೆ 'ನೀರಿನ ಟ್ಯಾಂಕ್ ಎದುರು, ಹಸಿರು ಗೇಟು, ಫೋನ್ ಬೇಡ, ಬೆಲ್ ಮಾಡಿ' ಅಂತ ಬರೆದೆ. ಎರಡು ವರ್ಷದಿಂದ ದಾರಿ ಕೇಳಲು ಒಬ್ಬ ಹುಡುಗನೂ ಫೋನ್ ಮಾಡಿಲ್ಲ.

ಅವಳ ಕೈ ಆರು ವಾರಕ್ಕೆ ಕೂಡಿಕೊಂಡಿತು. ಚಳಿಗಾಲದ ಬೆಳಗ್ಗೆ ಕುಕ್ಕರ್ ಮುಚ್ಚಳ ತಿರುಗಿಸುವಾಗ ಈಗಲೂ ನೋಯುತ್ತದೆ. ಮೇಷ್ಟರ ಕೆಲಸ ಅವಳದು, ಬೋರ್ಡಿನ ಮೇಲೆ ತುಂಬ ಹೊತ್ತು ಬರೆದರೆ ಸಂಜೆ ಊದಿಕೊಳ್ಳುತ್ತದೆ. ಬೈಕ್ ಹತ್ತುವುದನ್ನು ಅವಳು ಬಿಡಲಿಲ್ಲ, ಒಂದು ಶರತ್ತು ಮಾತ್ರ ಹಾಕಿದಳು. ಫೋನು ಅವಳ ಕೈಯಲ್ಲಿರಬೇಕು. ಈಗ ಇಬ್ಬರೂ ಹೊರಟರೆ ನನ್ನ ಹೆಲ್ಮೆಟ್ಟಿನ ಸ್ಪೀಕರ್ ಕೂಡ ಆರಿಸಿರುತ್ತೇನೆ. ಎಡಕ್ಕೆ ತಿರುಗಬೇಕಾದರೆ ಎಡ ಭುಜ ತಟ್ಟುತ್ತಾಳೆ, ಬಲಕ್ಕಾದರೆ ಬಲ. ಎರಡೂ ಭುಜ ಒಟ್ಟಿಗೆ ತಟ್ಟಿದರೆ ನಿಧಾನ ಅಂತ. ಮೊನ್ನೆ ಕೊಪ್ಪಕ್ಕೆ ಹೋಗುವಾಗ ಆ ಶಾಲೆ ಇನ್ನೂ ಅರ್ಧ ಕಿಲೋಮೀಟರ್ ಇರುವಾಗಲೇ ಎರಡೂ ಭುಜಕ್ಕೆ ಏಟು ಬಿತ್ತು. ಹಂಪಿಗೆ ಈಗ ಹೊಸದಾಗಿ ಬಿಳಿ ಬಣ್ಣ ಬಳಿದಿದ್ದಾರೆ.